ಮೊದಲು ಕುರ್ಚಿ ಎಣಿಸಿ

ಕೇಳುಗರಿಗೆ ನಮಸ್ಕಾರ. ಇವತ್ತು ಲಿಮಿಟ್ ಪೋಕರ್ ಲೆಕ್ಕದ ಬಗ್ಗೆ ಮಾತಾಡೋಣ. ರಮ್ಮಿ ಆಡಿ ಗೊತ್ತಿದ್ದರೆ ಇದೂ ಅರ್ಥವಾಗುತ್ತದೆ. ನಾನು ಹೇಳುವುದು ಒಂದೇ ಮಾತು: ಕೈಯಲ್ಲಿನ ಎಲೆ ನೋಡುವ ಮೊದಲು ಕುರ್ಚಿ ಎಣಿಸಿ.

ಟೆಕ್ಸಾಸ್ ಹೋಲ್ಡೆಮ್ ಅನ್ನುವ ಪೋಕರ್ ಆಟದಲ್ಲಿ ಒಬ್ಬೊಬ್ಬರಿಗೆ ಎರಡೆಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದೆಲೆ. ಲಿಮಿಟ್ ಆಟದಲ್ಲಿ ಪಂತದ ಅಳತೆ ಮೊದಲೇ ಗೊತ್ತಿರುತ್ತದೆ. ಎಲೆ ನೋಡುವ ಮುಂಚೆಯೇ ಇಬ್ಬರು ಬಿಲ್ಲೆ (ಪಂತದ ಚಿಪ್) ಇಡಬೇಕು. ಇದೇ ಬ್ಲೈಂಡ್. ಚಿಕ್ಕದಕ್ಕೆ 1 ಬಿಲ್ಲೆ, ದೊಡ್ಡದಕ್ಕೆ 2 ಅಂದುಕೊಳ್ಳಿ. ಸರದಿ ಎಲ್ಲರಿಗೂ ಬರುತ್ತದೆ. ಹತ್ತು ಜನ ಕೂತಿದ್ದರೆ ಹತ್ತು ಆಟಕ್ಕೆ ನಿಮ್ಮ ಖರ್ಚು 3 ಬಿಲ್ಲೆ. ಐದೇ ಜನವಾದರೆ 6. ಇಬ್ಬರೇ ಆದರೆ 15! ಒಳ್ಳೆ ಎಲೆ ಬರಲಿ ಅಂತ ಸುಮ್ನೆ ಕೂತರೆ ಬಿಲ್ಲೆ ಕರಗಿಹೋಗುತ್ತದೆ, ಅಲ್ವಾ?

ನಿಮಗೆ ಎಕ್ಕ ಮತ್ತು ಒಂಬತ್ತು ಬಂತು ಅನ್ನಿ. ಹತ್ತು ಜನರ ಮೇಜಿನಲ್ಲಿ ನಾಲ್ಕರಲ್ಲಿ ಮೂರು ಸಲ ಬೇರೆ ಯಾರ ಕೈಯಲ್ಲೋ ಇನ್ನೊಂದು ಎಕ್ಕ ಇರುತ್ತದೆ. ಅದರ ಜೊತೆ ರಾಜನೋ ರಾಣಿಯೋ ಇದ್ದರೆ ನೀವು ಕೆಟ್ಟಿರಿ. ಅದೇ ನಾಲ್ಕು ಜನರ ಮೇಜಿನಲ್ಲಿ ಹಾಗಾಗುವುದು ಸುಮಾರು ಮೂರರಲ್ಲಿ ಒಂದು ಸಲ. ಎಲೆ ಬದಲಾಗಿಲ್ಲ, ಕುರ್ಚಿ ಬದಲಾಗಿದೆ. ಅಲ್ಲಿ ಬಿಸಾಕಿ, ಇಲ್ಲಿ ರೇಸ್ ಮಾಡಿ, ಅಂದರೆ ಪಂತ ಏರಿಸಿ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಒಂದಿದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಬೌಲಿಂಗ್ ಮತ್ತು ಸಂಗಡಿಗರು ಸೆಫಿಯಸ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ಮಾಡಿದರು. ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್ ಬಿಟ್ಟರೆ ಅದಕ್ಕೆ ಬೇರೇನೂ ಗೊತ್ತಿಲ್ಲ. ಯಾವ ಆಟಗಾರನೂ ಅದಕ್ಕೆ ಪಾಠ ಹೇಳಲಿಲ್ಲ. ತನ್ನ ವಿರುದ್ಧ ತಾನೇ ಆಡಿತು. ಪ್ರತಿ ಸಲವೂ, ಇಲ್ಲಿ ಬೇರೆ ನಡೆ ಇಟ್ಟಿದ್ದರೆ ಎಷ್ಟು ಸಿಗುತ್ತಿತ್ತು ಅಂತ ಲೆಕ್ಕ ಹಾಕಿ ತಿದ್ದಿಕೊಂಡಿತು. 4,800 ಪ್ರೊಸೆಸರ್‌ಗಳು ಎರಡು ತಿಂಗಳಿಗೂ ಜಾಸ್ತಿ ಹೀಗೇ ದುಡಿದವು! 2015ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ದಿನಕ್ಕೆ 12 ಗಂಟೆಯಂತೆ 70 ವರ್ಷ ಆಡಿದರೂ ಮನುಷ್ಯನೊಬ್ಬ ಇದನ್ನು ಮೀರಿಸಿದ ಅಂತ ಖಚಿತವಾಗಿ ಹೇಳಲಾಗದು, ಅಷ್ಟು ಪಕ್ಕಾ ಆಟ. ನನಗಂತೂ ಈಗಲೂ ಮೈ ಜುಮ್ಮೆನ್ನುತ್ತದೆ.

ಸರಿ, ಅದು ಆಡುವುದು ಹೇಗೆ? ಡೀಲರ್ ಜಾಗದಲ್ಲಿದ್ದಾಗ, ಅಂದರೆ ಎಲೆ ಹಂಚುವ ಸರದಿ ತನ್ನದಾಗಿದ್ದಾಗ, ತೀರಾ ಕೆಟ್ಟ ಎಲೆ ಬಿಟ್ಟು ಮಿಕ್ಕಿದ್ದಕ್ಕೆಲ್ಲ ರೇಸ್ ಮಾಡುತ್ತದೆ. ರೇಸ್ ಮಾಡದೆ ಬರೀ ಕಾಲ್ ಮಾಡುವುದು, ಅಂದರೆ ಎದುರಿನವನ ಪಂತಕ್ಕೆ ಸಮ ಮಾಡಿ ಸುಮ್ಮನಾಗುವುದು, ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಹತ್ತು ಜನರ ಮೇಜಿನಲ್ಲಿ ಹೀಗೆ ಆಡಿದವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಎಷ್ಟು ಸಲ ಹೇಳಿದರೂ ಜನ ಇದನ್ನು ಮರೆಯುತ್ತಾರೆ. ಎಲ್ಲೋ ಓದಿದ ‘ಒಳ್ಳೆ ಎಲೆಗಳ ಪಟ್ಟಿ’ ಹಿಡಿದು ಎಲ್ಲ ಮೇಜಿಗೂ ಹೋಗುತ್ತಾರೆ. ಬೇಡ, ದಯವಿಟ್ಟು ಕುರ್ಚಿ ಎಣಿಸಿ. ಆಟದ ಮಧ್ಯೆ ಇಬ್ಬರು ಎದ್ದು ಹೋದರೆ ಮತ್ತೆ ಎಣಿಸಿ.

ಸಮಯ ಮುಗಿಯುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಎರಡೂ ಇಸ್ಪೀಟೋ ಎರಡೂ ಆಟೀನೋ ಆಗಿರುವ ಎಂಟು–ಏಳು ತರಹದ ಎಲೆಗಳಿಗೆ ತುಂಬಾ ಜನ ಬಿಲ್ಲೆ ಹಾಕುವ ಮೇಜು ಬೇಕು. ಜನ ಕಡಿಮೆಯಾದರೆ ಅವುಗಳ ಬೆಲೆ ಇಳಿಯುತ್ತದೆ, ಎಕ್ಕ–ರಾಜರ ಬೆಲೆ ಏರುತ್ತದೆ. ಇನ್ನು ದೊಡ್ಡ ಬ್ಲೈಂಡ್ ನಿಮ್ಮದಾಗಿದ್ದಾಗ. ಒಬ್ಬನೇ 4 ಬಿಲ್ಲೆಗೆ ರೇಸ್ ಮಾಡಿ, ಚಿಕ್ಕ ಬ್ಲೈಂಡ್‌ನವನು ಎಲೆ ಬಿಟ್ಟರೆ ಮಧ್ಯದಲ್ಲಿ 7 ಬಿಲ್ಲೆ ಇರುತ್ತದೆ. ನೀವು ಹಾಕಬೇಕಾದ್ದು ಬರೀ 2. ಒಂಬತ್ತರಲ್ಲಿ ಎರಡು ಸಲ ಗೆದ್ದರೂ ಅಸಲು ವಾಪಸ್. ಜನ ಕಡಿಮೆ ಇರುವ ಮೇಜಿನಲ್ಲಿ ಎದುರಿನವನು ಸಾಧಾರಣ ಎಲೆಗೂ ರೇಸ್ ಮಾಡಿರುತ್ತಾನೆ. ಅಲ್ಲಿ ಆ ಎರಡು ಬಿಲ್ಲೆ ಹಾಕಲು ಹಿಂಜರಿಯಬೇಡಿ. ನಮಸ್ಕಾರ.