ಹಲಗೆಗಳ ನಡುವಿನ ಬಿಸ್ಕತ್ತು

ಕೇಳುಗರಿಗೆ ನಮಸ್ಕಾರ.

ಬಾನುಲಿಯಲ್ಲಿ ಚಿತ್ರ ತೋರಿಸಲಾಗದು. ಹಾಗಾಗಿ ನಿಮ್ಮ ಕೈಗಳನ್ನೇ ಸ್ವಲ್ಪ ಹೊತ್ತು ಎರವಲು ಕೇಳುತ್ತೇನೆ. ಅಂಗೈಗಳೆರಡನ್ನೂ ಮೇಜಿನ ಮೇಲೆ ಕವುಚಿಟ್ಟು, ಹೆಬ್ಬೆರಳಿಗೆ ಹೆಬ್ಬೆರಳು ತಾಗಿಸಿ. ಇವು ಎರಡು ಹಲಗೆಗಳು ಎಂದುಕೊಳ್ಳಿ. ಈಗ ಒಂದು ಕೈಯನ್ನು ಕೂದಲೆಳೆಯಷ್ಟು ಮೇಲೆತ್ತಿ. ಅಂಚಿಗೆ ಗೋಂದು ಹಚ್ಚಿ, ಒತ್ತಿ ಹಿಡಿಯುವ ಕ್ಲಾಂಪ್ ಬಿಗಿದಾಗ ಹಲಗೆಗಳು ಮಾಡುವ ತಂಟೆ ಇದೇ. ಹಸಿ ಗೋಂದು ಎಣ್ಣೆಯಂತೆ ಜಾರುತ್ತದೆ, ಬಿಗಿತಕ್ಕೆ ಒಂದು ಹಲಗೆ ಮೆಲ್ಲನೆ ತಲೆಯೆತ್ತುತ್ತದೆ. ಒಣಗಿದ ಮೇಲೆ ಆ ಏರುತಗ್ಗನ್ನು ಹೆರೆದು ಸಮ ಮಾಡುವಷ್ಟರಲ್ಲಿ ರಟ್ಟೆ ಸೋತುಹೋಗುತ್ತದೆ.

ಈ ತಂಟೆಯನ್ನು ಅಡಗಿಸುವ ಚಿಕ್ಕ ವಸ್ತುವಿಗೆ ಬಿಸ್ಕತ್ತು ಎಂದೇ ಹೆಸರು. ಬೀಚ್ ಎಂಬ ಗಟ್ಟಿ ಮರವನ್ನು ಒತ್ತಿ ಮಾಡಿದ ಬಾದಾಮಿಯಾಕಾರದ ಬಿಲ್ಲೆ ಅದು. ದಪ್ಪ ಸುಮಾರು 4 ಮಿಲಿಮೀಟರ್. ಹೆಚ್ಚಾಗಿ ಬಳಕೆಯಲ್ಲಿರುವ 20ನೇ ಅಳತೆಯದು 56 ಮಿಲಿಮೀಟರ್ ಉದ್ದ, 23 ಮಿಲಿಮೀಟರ್ ಅಗಲ. ಬೆಳಕಿಗೆ ಹಿಡಿದು ನೋಡಿದರೆ ಮರದ ಎಳೆಗಳು ಓರೆಯಾಗಿ ಸಾಗಿರುವುದು ಕಾಣುತ್ತದೆ. ಕೂಡುಗೆರೆಯ ನೇರಕ್ಕೆ ಬಿಲ್ಲೆ ಸೀಳಿಹೋಗದಿರಲೆಂದೇ ಆ ಓರೆ. ಸ್ವಿಟ್ಜರ್ಲೆಂಡಿನ ಬಡಗಿ ಹರ್ಮನ್ ಸ್ಟೈನರ್ ಇದನ್ನು 1950ರ ದಶಕದಲ್ಲಿ ರೂಪಿಸಿದರು. ಆಗಷ್ಟೇ ಬಳಕೆಗೆ ಬರುತ್ತಿದ್ದ ಪಾರ್ಟಿಕಲ್ ಬೋರ್ಡನ್ನು, ಅಂದರೆ ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯನ್ನು, ಸುಲಭವಾಗಿ ಕೂಡಿಸುವುದು ಹೇಗೆಂಬುದು ಅವರ ತಲೆನೋವಾಗಿತ್ತು.

ಬಿಸ್ಕತ್ತು ಕೂರುವ ಸೀಳನ್ನು ಕೊರೆಯುವ ಯಂತ್ರವೇ ಬಿಸ್ಕತ್ತು ಜಾಯಿನರ್. ಸುಮಾರು 100 ಮಿಲಿಮೀಟರ್ ವ್ಯಾಸದ ದುಂಡು ಗರಗಸ ಅದರ ಒಳಗೆ ಅಡಗಿರುತ್ತದೆ. ಯಂತ್ರವನ್ನು ಮರಕ್ಕೆ ಒತ್ತಿ ಮುಂದೆ ತಳ್ಳಿದರೆ ಗರಗಸ ಹೊರಬಂದು ಕೊರೆಯುತ್ತದೆ, ಕೈ ಸಡಿಲಿಸಿದರೆ ಸ್ಪ್ರಿಂಗ್ ಅದನ್ನು ಒಳಗೆಳೆದುಕೊಳ್ಳುತ್ತದೆ. ಮೊದಲು ಹಲಗೆಗಳನ್ನು ಜೋಡಿಸಿಟ್ಟು, ಕೂಡುವ ಗೆರೆಗೆ ಅಡ್ಡಲಾಗಿ ಗೇಣಿಗೊಂದರಂತೆ ಪೆನ್ಸಿಲ್ ಗೀಟು ಎಳೆಯಬೇಕು. ಪ್ರತಿ ಗೀಟಿನ ನೇರಕ್ಕೆ ಎರಡೂ ಅಂಚುಗಳಲ್ಲಿ ಒಂದೊಂದು ಸೀಳು. ಬಿಸ್ಕತ್ತಿನ ಅರ್ಧ ಒಂದು ಹಲಗೆಯ ಸೀಳಿನಲ್ಲಿ, ಇನ್ನರ್ಧ ಎದುರಿನದರಲ್ಲಿ ಕೂರುತ್ತದೆ. ಸೀಳು ಎಷ್ಟು ಕೆಳಗಿರಬೇಕೆಂಬುದನ್ನು ಎರಡೂ ಹಲಗೆಗಳ ಮೇಲ್ಮುಖದಿಂದಲೇ ಅಳತೆ ಹಿಡಿಯಬೇಕು. ಒಂದನ್ನು ಮೇಲಿನಿಂದ, ಇನ್ನೊಂದನ್ನು ಕೆಳಗಿನಿಂದ ಹಿಡಿದರೆ, ಹಲಗೆಗಳ ದಪ್ಪದಲ್ಲಿ ಇರುವ ಅಲ್ಪ ವ್ಯತ್ಯಾಸವೂ ಹೊರಗೆ ಬೀಳುತ್ತದೆ. ಯಂತ್ರದ ಅಡಿಗೆ ಒಂದು ಚೂರು ಹೊಟ್ಟು ಸಿಕ್ಕಿಕೊಂಡರೂ ಸೀಳು ವಾರೆಯಾಗುತ್ತದೆ. ಪ್ರತಿ ಸಲ ಊದುವ ಅಭ್ಯಾಸ ನನಗೆ ಬಂದದ್ದು ಮೂರು ಹಲಗೆ ಹಾಳು ಮಾಡಿದ ಮೇಲೆ.

ಈಗ ಮತ್ತೆ ನಿಮ್ಮ ಕೈಗಳಿಗೆ ಬನ್ನಿ. ಒಂದು ಕೈಯನ್ನು ಮೇಲೆತ್ತುವ ಬದಲು ತುಸು ಮುಂದಕ್ಕೆ ಜರುಗಿಸಿ. ಸೀಳು ಬಿಸ್ಕತ್ತಿಗಿಂತ ಕೊಂಚ ಉದ್ದವಿರುವುದರಿಂದ ಈ ಜರುಗಾಟಕ್ಕೆ ಅವಕಾಶ ಉಂಟು. ಮೇಲೆ ಕೆಳಗೆ ಆಡಲು ಮಾತ್ರ ಎಡೆಯಿಲ್ಲ. ಗೀಟು ಕೂದಲಷ್ಟು ತಪ್ಪಿದ್ದರೂ ತುದಿಗಳನ್ನು ಸರಿಹೊಂದಿಸಿಕೊಳ್ಳಬಹುದು. ದುಂಡನೆಯ ಗೂಟ ಬಡಿದು ಕೂಡಿಸುವಾಗ ಇಂಥ ಕ್ಷಮೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಬಿಸ್ಕತ್ತಿನ ಹೆಚ್ಚುಗಾರಿಕೆಯೆಲ್ಲ ಇಲ್ಲೇ ಇದೆ, ಬಲದಲ್ಲಿ ಅಲ್ಲ. ಎಳೆಯುದ್ದಕ್ಕೂ ಅಂಚಿಗೆ ಅಂಚು ಕೂಡಿದಾಗ ಒಳ್ಳೆಯ ಗೋಂದೇ ಭಾರ ಹೊರುತ್ತದೆ. ಕುರ್ಚಿಯ ಕಾಲನ್ನು ಇದರ ಮೇಲೆ ನಂಬಿ ನಿಲ್ಲಿಸುವವರಿಗೆ ಮೊದಲು ನೀವೇ ಕುಳಿತು ನೋಡಿ ಎನ್ನುತ್ತೇನೆ.

ಗೋಂದಿನಲ್ಲಿ ನೀರಿನಂಶ ಇರಬೇಕು. ಅದನ್ನು ಹೀರಿ ಬಿಸ್ಕತ್ತು ಉಬ್ಬಿ, ಸೀಳಿನೊಳಗೆ ಬಿಗಿಯಾಗಿ ಕಚ್ಚಿ ಕೂರುತ್ತದೆ. ಸುತ್ತಲಿನ ಮರವೂ ಉಬ್ಬುತ್ತದೆ ಎಂಬುದನ್ನು ನಾನು ಕಲಿತದ್ದು ಒಂದು ಮೇಜಿನಿಂದ. ಗೋಂದು ಹಿಡಿದ ಕೆಲವೇ ಗಂಟೆಗಳಲ್ಲಿ ಆತುರಪಟ್ಟು ಉಪ್ಪುಕಾಗದ ಉಜ್ಜಿ, ಕನ್ನಡಿಯಂತೆ ನುಣುಪು ಮಾಡಿ ಬೀಗಿದೆ. ವಾರದ ನಂತರ ಕಿಟಕಿಯ ಓರೆ ಬೆಳಕು ಬಿದ್ದಾಗ, ಮೇಜಿನ ಮೇಲೆ ಬಾದಾಮಿಯಾಕಾರದ ತಗ್ಗುಗಳ ಸಾಲು! ಉಬ್ಬಿದ್ದ ಮರವನ್ನು ಉಜ್ಜಿ ತೆಗೆದಿದ್ದೆ, ಒಣಗಿದಾಗ ಅದು ಕುಗ್ಗಿತ್ತು. ಈಗ ಕೆಲವು ದಿನ ಕಾಯುತ್ತೇನೆ.

ಬಿಸ್ಕತ್ತುಗಳು ಗಾಳಿಯ ತೇವವನ್ನೂ ಕುಡಿಯುತ್ತವೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಗೋಂದು ಹಚ್ಚುವ ಮುನ್ನ ಒಂದನ್ನು ಒಣದಾಗಿಯೇ ಸೀಳಿಗೆ ಇಳಿಸಿ ನೋಡಿ. ಬೆರಳಿನ ಒತ್ತಿಗೇ ಇಳಿದರೆ ಸರಿ. ಸುತ್ತಿಗೆ ಕೇಳಿದರೆ, ಅದು ಆಗಲೇ ನೀರು ಕುಡಿದಿದೆ.

ನಮಸ್ಕಾರ.