ಒಂದು ಪೆನ್ನಿಯ ಪ್ರೇಮಗೀತೆ

ಕೇಳುಗರಿಗೆಲ್ಲ ನಮಸ್ಕಾರ. ಅಡುಗೆಮನೆಯಲ್ಲೋ ಅಂಗಡಿಯ ಗಲ್ಲಾ ಮುಂದೆಯೋ ರೇಡಿಯೊ ಹಾಕಿಕೊಂಡಿರುವ ನಿಮಗೆ ಇವತ್ತು ಇಂಗ್ಲೆಂಡಿನ ಹಳೆಯ ಪ್ರೇಮದ ಹಾಡುಗಳ ವಿಷಯ ಹೇಳುತ್ತೇನೆ. 17ನೇ ಶತಮಾನದಲ್ಲಿ ಇವನ್ನು ಬಿಡಿ ಹಾಳೆಯ ಒಂದೇ ಮಗ್ಗುಲಿಗೆ ಅಚ್ಚು ಹಾಕಿ ಅರ್ಧ ಪೆನ್ನಿಗೋ ಒಂದು ಪೆನ್ನಿಗೋ ಮಾರುತ್ತಿದ್ದರು. ಪೆನ್ನಿ ಅಂದರೆ ಅಲ್ಲಿನ ಚಿಲ್ಲರೆ ಕಾಸು. ಬ್ರಾಡ್‌ಸೈಡ್ ಬ್ಯಾಲಡ್ ಅಂತ ಹೆಸರು. ಸಾಮಾನ್ಯವಾಗಿ ಸ್ವರಲಿಪಿ ಇರುತ್ತಿರಲಿಲ್ಲ. 'ಇಂಥ ಹಾಡಿನ ಧಾಟಿ' ಅಂತ ಒಂದು ಸಾಲು, ಅಷ್ಟೇ. ಧಾಟಿ ಜನರ ಬಾಯಲ್ಲೇ ಇತ್ತು.

ಆ ಸಾಲನ್ನು ದಯವಿಟ್ಟು ಬಿಟ್ಟು ಓದಬೇಡಿ. ಇವು ಹಾಡುವ ಹಾಡುಗಳು! ಮಾರುವವನು ಸಂತೆಯಲ್ಲಿ ನಿಂತು ಹಾಡುತ್ತಿದ್ದ. ಕೇಳಿದವರು ಹಾಳೆ ಕೊಂಡು, ಹೆಂಡದಂಗಡಿಯ ಗೋಡೆಗೂ ಅಂಟಿಸುತ್ತಿದ್ದರು.

ನನ್ನ ಅಚ್ಚುಮೆಚ್ಚಿನದು ಇಸ್ಲಿಂಗ್ಟನ್ ಎಂಬ ಊರಿನ ಬೇಲಿಫನ ಮಗಳ ಹಾಡು. ಬೇಲಿಫ್ ಅಂದರೆ ನಮ್ಮ ಅಮೀನ ಅಂದುಕೊಳ್ಳಿ. ಜಮೀನುದಾರರ ಮನೆ ಹುಡುಗನಿಗೆ ಅವಳ ಮೇಲೆ ಮನಸ್ಸು. ಅವಳು ಒಲಿಯಲಿಲ್ಲ. ಮನೆಯವರು ಅವನನ್ನು ಕೆಲಸ ಕಲಿಯಲು ಲಂಡನ್ನಿಗೆ ಅಟ್ಟಿದರು. ಏಳು ವರ್ಷ ಕಳೆಯಿತು. ಒಂದು ದಿನ ಊರ ಹುಡುಗಿಯರೆಲ್ಲ ಆಟಕ್ಕೆ ಹೋದಾಗ ಇವಳು ಒಳ್ಳೆ ಬಟ್ಟೆ ಕಳಚಿಟ್ಟು, ಹರಕು ಬಟ್ಟೆ ತೊಟ್ಟು, ಅವನನ್ನು ಹುಡುಕುತ್ತಾ ಲಂಡನ್ ದಾರಿ ಹಿಡಿದಳು. ಬಿಸಿಲಿಗೆ ಸುಸ್ತಾಗಿ ರಸ್ತೆ ಬದಿಯ ದಿಬ್ಬದ ಮೇಲೆ ಕೂತಿದ್ದಾಳೆ. ಅವನೇ ಕುದುರೆ ಮೇಲೆ ಬಂದ! ಮುಖ ಕೆಂಪಾಯಿತು. ಎದ್ದು ಲಗಾಮು ಹಿಡಿದು, 'ಸ್ವಾಮಿ, ಒಂದು ಪೆನ್ನಿ ಕೊಡಿ' ಅಂದಳು. ನಿನ್ನ ಊರು ಯಾವುದು ಅಂತ ಕೇಳಿದ. ಇಸ್ಲಿಂಗ್ಟನ್. ಹಾಗಾದರೆ ಬೇಲಿಫನ ಮಗಳು ಗೊತ್ತಾ? 'ಅವಳು ಸತ್ತು ಬಹಳ ದಿನವಾಯಿತು.'

ಆ ಚರಣ ಅಲ್ಲಿಗೆ ಮುಗಿಯುತ್ತದೆ. ಸುಮ್ನೆ ಓದಿದರೆ ಕಣ್ಣು ತಟ್ಟನೆ ಮುಂದಿನ ಸಾಲಿಗೆ ಜಾರುತ್ತದೆ. ಹಾಡಿದರೆ ಧಾಟಿ ಮತ್ತೆ ಮೊದಲಿಂದ ಏಳಬೇಕು. ಅಷ್ಟು ಹೊತ್ತು ಅವಳು ಸತ್ತೇ ಇರುತ್ತಾಳೆ, ಅಲ್ವಾ? ಆಮೇಲೆ ಅವನು ಕುದುರೆ, ಜೀನು, ಬಿಲ್ಲು ಎಲ್ಲ ಮಾರಿ ಗುರುತಿಲ್ಲದ ದೇಶಕ್ಕೆ ಹೋಗುತ್ತೇನೆ ಅನ್ನುತ್ತಾನೆ. ಆಗ ಅವಳು, 'ನಿಲ್ಲು, ಸತ್ತಿಲ್ಲ, ನಿನ್ನ ಪಕ್ಕದಲ್ಲೇ ನಿಂತಿದ್ದಾಳೆ' ಅನ್ನುತ್ತಾಳೆ.

ಸಮಯ ಆಗುತ್ತಾ ಬಂತು. ಹಾಳೆಗಳ ಮೇಲಿನ ಮರದಚ್ಚಿನ ಚಿತ್ರಗಳ ಬಗ್ಗೆ ಒಂದೇ ಮಾತು: ಅದೇ ಚಿತ್ರ ಬೇರೆ ಬೇರೆ ಹಾಡಿಗೂ ಬರುತ್ತಿತ್ತು. ಆ ಕಾಲದ ಲಂಡನ್ನಿನಲ್ಲಿ ದಿನಚರಿ ಬರೆದು ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಇಂಥ 1,800ಕ್ಕೂ ಹೆಚ್ಚು ಹಾಳೆ ಕೂಡಿಟ್ಟ. ಈಗ ಅವು ಕೇಂಬ್ರಿಜ್‌ನಲ್ಲಿವೆ. ಆದರೆ 1666ರ ಜನವರಿ 2ರ ದಿನಚರಿಯಲ್ಲಿ ಅವನು ಬರೆದದ್ದು ಹಾಳೆಯ ವಿಷಯವಲ್ಲ. ನೆಪ್ ಎಂಬ ನಟಿ 'ಬಾರ್ಬರಾ ಅಲೆನ್' ಎಂಬ ಹಾಡನ್ನು ಹಾಡಿದಾಗ, ಕೇಳುತ್ತಾ ಕೂತ ತನಗೆ ಎಷ್ಟು ಸಂತೋಷವಾಯಿತು ಅಂತ. ನಮಸ್ಕಾರ.