ಒಲೆ ಹಚ್ಚದೆ ತಿನ್ನುವಂಥದ್ದು ಇಡಿ, ನೂಡಲ್ಸ್ ಅಲ್ಲ!

ನಮಸ್ಕಾರ, ಎಲ್ಲರೂ ಚೆನ್ನಾಗಿದ್ದೀರಾ? ಇವತ್ತು ಸಂಡಿಗೆ ವಿಡಿಯೋ ಹಾಕುತ್ತೇನೆ ಅಂದಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು. ಕಾರಣ, ಒಂದು ಕಾಮೆಂಟು.

ಮಳೆಗಾಲ ಬರುವ ಮೊದಲು ಮನೆಯಲ್ಲಿ ಒಂದು ತುರ್ತಿನ ಡಬ್ಬಿ ತುಂಬಿಸಿಡಿ ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ, ಅಲ್ವಾ? ಅದಕ್ಕೆ ಒಬ್ಬ ತಮ್ಮ ಬರೆದಿದ್ದಾನೆ: "ಅಕ್ಕಾ, ಅಷ್ಟೆಲ್ಲ ಯಾಕೆ? ಒಂದು ಡಜನ್ ನೂಡಲ್ಸ್ ಪ್ಯಾಕೆಟ್ ತಂದಿಟ್ಟರೆ ಆಯ್ತು." ಅದಕ್ಕೆ ಲೈಕ್ ಮೇಲೆ ಲೈಕ್. ರಾತ್ರಿಯೆಲ್ಲ ನನಗೆ ಅದೇ ಯೋಚನೆ.

ತಮ್ಮಾ, ಅದನ್ನು ಯಾವ ಒಲೆಯ ಮೇಲೆ ಬೇಯಿಸುತ್ತೀಯ? ಯಾವ ನೀರಿನಲ್ಲಿ?

2022ರ ಸೆಪ್ಟೆಂಬರ್ ಮಳೆ ನೆನಪಿದೆಯಾ? ಬೆಂಗಳೂರಿನಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆ ಮಳೆ. ಆಗ ನಾವು ಸರ್ಜಾಪುರ ರಸ್ತೆಯ ಹತ್ತಿರ ಬಾಡಿಗೆಗೆ ಇದ್ದೆವು. ರಾತ್ರಿ ಕರೆಂಟ್ ಹೋಯಿತು. ಬೆಳಿಗ್ಗೆ ನೋಡಿದರೆ ನೀರಿನ ಸಂಪ್‌ನೊಳಗೆ ಚರಂಡಿ ನೀರು ಸೇರಿತ್ತು. ಅತ್ತ ಬೆಂಗಳೂರಿಗೆ ಕಾವೇರಿ ನೀರು ಕಳಿಸುವ ತೊರೆಕಾಡನಹಳ್ಳಿಯ ಪಂಪ್ ಹೌಸಿಗೇ ನೀರು ನುಗ್ಗಿ ಊರಿನ ಎಷ್ಟೋ ಕಡೆ ಕಾವೇರಿ ನೀರು ನಿಂತಿತ್ತು. ಹೊರಗೆ ಮೊಣಕಾಲುದ್ದ ನೀರು, ನಲ್ಲಿಯಲ್ಲಿ ಒಂದು ತೊಟ್ಟಿಲ್ಲ.

ಮನೆಯಲ್ಲಿ ಅಕ್ಕಿ ಇತ್ತು, ಬೇಳೆ ಇತ್ತು, ನೂಡಲ್ಸೂ ಇತ್ತು. ಕುಡಿಯುವ ನೀರು ಮಾತ್ರ ಅರ್ಧ ಕ್ಯಾನ್. ಒಂದು ಪಾವು ಅನ್ನ ಮಾಡಲಾ, ಮಕ್ಕಳಿಗೆ ಕುಡಿಯಲು ಉಳಿಸಲಾ? ಅಕ್ಕಿ ತೊಳೆಯಲು ನೀರು, ಬೇಯಿಸಲು ನೀರು, ಕುಕ್ಕರ್ ಉಜ್ಜಲು ನೀರು. ಆಗ ನಮ್ಮತ್ತೆ ಊರಿಂದ ತಂದಿದ್ದ ತಮ್ಮ ಡಬ್ಬಿ ತೆಗೆದರು. ಪೇಪರ್ ಅವಲಕ್ಕಿ, ಒಂದು ಅಚ್ಚು ಬೆಲ್ಲ. ಬೆಲ್ಲವನ್ನು ಲಟ್ಟಣಿಗೆಯಲ್ಲಿ ಕುಟ್ಟಿ, ಅವಲಕ್ಕಿಯ ಮೇಲೆ ಒಂದೆರಡು ಚಮಚ ನೀರು ಚಿಮುಕಿಸಿ ಕೈಯಲ್ಲೇ ಕಲಸಿದರು. ಮಕ್ಕಳು ತಟ್ಟೆ ನೆಕ್ಕಿ ತಿಂದವು. ಅವತ್ತಿನಿಂದ ನನ್ನದು ಒಂದೇ ಮಾತು: ತುರ್ತಿನ ಡಬ್ಬಿಯಲ್ಲಿ ಇರುವುದು ಒಲೆ ಹಚ್ಚದೆ ತಿನ್ನುವಂತಿರಬೇಕು.

ಅದಕ್ಕೆ ಸಾವಿರಾರು ರೂಪಾಯಿಯ ರೆಡಿಮೇಡ್ ಕಿಟ್ ಬೇಡ. 2 ಕೆಜಿ ಅವಲಕ್ಕಿ, 1 ಕೆಜಿ ಹುರಿಗಡಲೆ, ಅರ್ಧ ಕೆಜಿ ಶೇಂಗಾ, 1 ಕೆಜಿ ಬೆಲ್ಲ. ನಮ್ಮ ಬೀದಿ ಅಂಗಡಿಯಲ್ಲಿ 500 ರೂಪಾಯಿ ಒಳಗೇ ಬಂತು. ನಾಲ್ಕು ಜನಕ್ಕೆ ಎರಡು ದಿನ ಸಾಕು. ಸುಮ್ನೆ ಅಂದಾಜಿಗೆ ಹೇಳುತ್ತಿಲ್ಲ. 100 ಗ್ರಾಂ ಅವಲಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇರುತ್ತದೆ. ಎಲ್ಲ ಕೂಡಿಸಿ ನೋಡಿದರೆ ತಲೆಗೆ ದಿನಕ್ಕೆ 2000 ದಾಟುತ್ತದೆ.

ಅವಲಕ್ಕಿ ಪೇಪರ್ ಅವಲಕ್ಕಿಯೇ ಆಗಲಿ. ಗಟ್ಟಿಯದು ಜಾಸ್ತಿ ನೀರು ಕುಡಿಯುತ್ತದೆ. ಶೇಂಗಾ ಹುರಿದು ಪೂರ್ತಿ ಆರಿದ ಮೇಲೇ ಮುಚ್ಚಳ ಹಾಕಿ. ಬಿಸಿಯಲ್ಲೇ ಮುಚ್ಚಿದರೆ ಒಳಗೆ ಬೆವರುತ್ತದೆ, ಬೂಸ್ಟು ಹಿಡಿಯುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಕಮಟು ವಾಸನೆ ಬರುತ್ತದೆ. ಅದಕ್ಕೇ ನಾನು ಯುಗಾದಿ, ಗೌರಿ ಹಬ್ಬ, ಸಂಕ್ರಾಂತಿ, ಹೀಗೆ ಮೂರು ಸಲ ಡಬ್ಬಿ ಖಾಲಿ ಮಾಡಿ ಹೊಸದು ತುಂಬಿಸುತ್ತೇನೆ. ಸಂಕ್ರಾಂತಿಗೆ ಎಳ್ಳುಬೆಲ್ಲಕ್ಕೆ ಹೇಗಿದ್ದರೂ ಹುರಿಗಡಲೆ, ಶೇಂಗಾ, ಬೆಲ್ಲ ತರುತ್ತೀರಲ್ಲ, ಸ್ವಲ್ಪ ಜಾಸ್ತಿ ತನ್ನಿ.

ಹಲ್ಲಿಲ್ಲದ ಹಿರಿಯರಿಗೆ ರಾಗಿ ಹುರಿಹಿಟ್ಟು. ಅರಳು ಹುರಿದು ಬೀಸಿದ ಹಿಟ್ಟು, ತಣ್ಣೀರಿಗೆ ಬೆಲ್ಲ ಹಾಕಿ ಕಲಸಿದರೆ ಮುಗೀತು. ಮಾಡುವ ವಿಧಾನ ನಮ್ಮ ಚಾನೆಲ್ಲಿನಲ್ಲೇ ಇದೆ, ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದಿದ್ದರೆ ಈಗಲೇ ಆಗಿ. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲ ಬಿಟ್ಟು ಚಟ್ನಿಪುಡಿ ಇಡಿ. ಬಾಗಲಕೋಟೆ, ಬೆಳಗಾವಿ ಕಡೆಯವರಿಗಂತೂ ನಾನು ಹೇಳಿಕೊಡಬೇಕಾಗಿಲ್ಲ. 2019ರಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಮೂರೂ ಉಕ್ಕಿದ್ದನ್ನು ಕಂಡವರು ನೀವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ) ಇದ್ದರೆ ಯಾವ ಒಲೆ ಬೇಕು?

ಜೊತೆಗೆ ಸೀಲ್ ಒಡೆಯದ 20 ಲೀಟರ್ ನೀರಿನ ಕ್ಯಾನ್ ಒಂದು ಯಾವಾಗಲೂ ಇರಲಿ. ಚೂರು ಉಪ್ಪು, ಸಕ್ಕರೆಯೂ ಇರಲಿ. ಯಾರಿಗಾದರೂ ವಾಂತಿ, ಭೇದಿ ಆದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಈ ಅಳತೆಯನ್ನು ಬರೆದು ಡಬ್ಬಿಯ ಮುಚ್ಚಳಕ್ಕೇ ಅಂಟಿಸಿ.

"ನಮ್ಮನೆಯಲ್ಲಿ ಗ್ಯಾಸ್ ಇದೆ ಅಕ್ಕಾ" ಅಂತೀರಾ. ಇರಲಿ, ನಮ್ಮನೆಯಲ್ಲೂ ಇತ್ತು! ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಓಡಬೇಕಾದರೆ ಸಿಲಿಂಡರ್ ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತೀರಾ? "ನೆರೆ ಬಂದಾಗ ಸರ್ಕಾರ ತೆರೆಯುವ ಕಾಳಜಿ ಕೇಂದ್ರದಲ್ಲಿ ಊಟ ಕೊಡ್ತಾರೆ" ಅಂತ ಇನ್ನೊಬ್ಬರು. ಕೊಡ್ತಾರೆ, ನಿಜ. ಆದರೆ ಅಲ್ಲಿಗೆ ಹೋಗಿ ಸೇರಬೇಕಲ್ಲ! 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲದ ಹತ್ತಿರ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆಯೇ ಕಡಿದುಹೋಗಿತ್ತು. ಆಗ ನಿಮ್ಮ ಬಾಗಿಲಿಗೆ ಊಟ ತರುವವರು ಯಾರು? "ಹತ್ತು ನಿಮಿಷಕ್ಕೆ ತಂದುಕೊಡುವ ಆಪ್ ಇದೆ" ಅಂತ ಮತ್ತೊಬ್ಬರು. ಆ ಹುಡುಗನೂ ಯಾರದೋ ಮನೆ ಮಗ ಕಣ್ರೀ. ಎದೆಮಟ್ಟದ ನೀರಿನಲ್ಲಿ ಗಾಡಿ ತಳ್ಳಿಕೊಂಡು ಬರಬೇಕಾ ಅವನು?

ಅಕ್ಕಿ ಮೂಟೆ ಇದ್ದರೂ ಒಲೆ ಬೇಕು. ಬೇಳೆಗೂ ಒಲೆ ಬೇಕು. ರವೆಗೂ ಬೇಕು. ನಿನ್ನ ನೂಡಲ್ಸಿಗೂ ಬೇಕು! ಒಲೆ ಬೇಡದ್ದು ಇಡಿ ಅಂತ ಎಷ್ಟು ಸಲ ಹೇಳಲಿ? ಮಗು ಹಸಿವು ಅಂದಾಗ ಕೈಗೆ ಸಿಕ್ಕಬೇಕು, ಬಾಯಿಗೆ ಹೋಗಬೇಕು, ಅಷ್ಟೇ!

ಸರಿ, ಗಂಟಲು ಒಣಗಿತು. ನಿಮ್ಮ ಮನೆಯ ಡಬ್ಬಿಯಲ್ಲಿ ಏನೇನಿದೆ ಅಂತ ಕೆಳಗೆ ಬರೆಯಿರಿ, ಒಂದೊಂದೂ ಓದುತ್ತೇನೆ. ಈ ವಿಡಿಯೋವನ್ನು ನಿಮ್ಮ ಮನೆಯವರ ಗ್ರೂಪಿಗೆ ಹಾಕಿ. ತಮ್ಮಾ, ನಿನಗೂ ಒಂದು ಮಾತು. ಆ ನೂಡಲ್ಸ್ ಇದೆಯಲ್ಲ, ಕರೆಂಟು, ನೀರು ಎರಡೂ ಇರುವ ಇವತ್ತೇ ರಾತ್ರಿ ಬೇಯಿಸಿ ತಿಂದು ಮುಗಿಸು. ಬೆಳಿಗ್ಗೆ ಹೋಗಿ ಆ ಜಾಗಕ್ಕೆ ಅವಲಕ್ಕಿ ತಂದಿಡು.